ಬೇಲಿಯಾಚೆಗೂ ಬೆಳೆದ ಉದ್ಯಾನ: ಮರಿಗೌಡರ ಕೆಲಸವನ್ನು ಕರಾವಳಿಯಿಂದ ನೋಡುವಾಗ

ಮಂಗಳೂರಿನ ಕದ್ರಿ ಉದ್ಯಾನದಲ್ಲಿ ಗಣರಾಜ್ಯೋತ್ಸವದ ಆಸುಪಾಸಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನಕ್ಕೆ ಹೋದವರಲ್ಲಿ ಅನೇಕರು ಹೊರಬರುವಾಗ ಒಂದೆರಡು ಕಸಿ ಗಿಡಗಳನ್ನು ಹಿಡಿದುಕೊಂಡೇ ಬರುತ್ತಾರೆ. ಉದ್ಯಾನ ನೋಡಿಕೊಳ್ಳುವ ಇಲಾಖೆಯೇ ರೈತನಿಗೆ ಗೇರು, ತೆಂಗು, ಕಾಳುಮೆಣಸಿನ ಸಸಿ ಕೊಡುವುದು ಇಂದು ನಮಗೆ ಸಹಜವೆನಿಸಿದೆ. ಅದನ್ನು ಹಾಗೆ ರೂಪಿಸಿದವರಲ್ಲಿ ಮುಖ್ಯರಾದವರು ಡಾ. ಎಂ.ಎಚ್. ಮರಿಗೌಡ.

1916ರಲ್ಲಿ ಮೈಸೂರು ಸೀಮೆಯಲ್ಲಿ ಹುಟ್ಟಿ, ಸಸ್ಯಶಾಸ್ತ್ರ ಓದಿ, ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಬಂದ ಅವರು 1950ರ ದಶಕದ ಆರಂಭದಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತರು. ಅದು ಸಣ್ಣ ಹೊಣೆಯಾಗಿರಲಿಲ್ಲ. ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಪಳಗಿದ ಜರ್ಮನ್ ತಜ್ಞ ಕ್ರುಂಬಿಗಲ್ 1908ರಿಂದ 1932ರವರೆಗೆ ನಡೆಸಿ, ಅನಂತರ ಎಚ್.ಸಿ. ಜವರಾಯರು ಮುನ್ನಡೆಸಿದ ಪರಂಪರೆ ಅದು. ಹಿರಿಯರು ಕಟ್ಟಿದ್ದನ್ನು ಅಂದವಾಗಿ ಉಳಿಸಿಕೊಂಡಿದ್ದರೂ ಒಳ್ಳೆಯ ಅಧಿಕಾರಿ ಎನಿಸಿಕೊಳ್ಳಬಹುದಿತ್ತು. ಮರಿಗೌಡರು ಅಷ್ಟಕ್ಕೇ ನಿಲ್ಲಲಿಲ್ಲ. 1963ರಲ್ಲಿ ತೋಟಗಾರಿಕೆ ಪ್ರತ್ಯೇಕ ಇಲಾಖೆಯಾದಾಗ ಅದರ ಮೊದಲ ನಿರ್ದೇಶಕರಾಗಿ, 1974ರಲ್ಲಿ ನಿವೃತ್ತರಾಗುವವರೆಗೂ, ರಾಜ್ಯದ ಉದ್ದಗಲಕ್ಕೆ ತೋಟಗಾರಿಕಾ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ಹಬ್ಬಿಸಿದರು. ಬೆಳೆದದ್ದು ಮಾರಾಟವಾಗದಿದ್ದರೆ ರೈತ ಗಿಡವನ್ನೇ ಕಡಿದು ಹಾಕುತ್ತಾನೆಂಬುದನ್ನು ಬಲ್ಲ ಅವರು ಬೆಳೆಗಾರರ ಸಹಕಾರ ಸಂಘಗಳಿಗೂ ಬೆನ್ನೆಲುಬಾದರು. 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಂಘವಾಗಿ ಆರಂಭಗೊಂಡದ್ದೇ ಮುಂದೆ ಹಣ್ಣು ತರಕಾರಿ ಮಾರುವ ಸಹಕಾರ ಸಂಸ್ಥೆ ಹಾಪ್‌ಕಾಮ್ಸ್ ಆಯಿತು.

ಕರಾವಳಿಯವರು ಇಲ್ಲಿ ಒಂದು ಮಾತನ್ನು ನೆನಪಿಡಬೇಕು. 1956ರ ಏಕೀಕರಣದವರೆಗೆ ನಮ್ಮ ಜಿಲ್ಲೆ ಮದ್ರಾಸಿಗೆ ಸೇರಿತ್ತು; ಮೈಸೂರು ಅರಸರ ಆಶ್ರಯದಲ್ಲಿ ಬೆಳೆದ ಉದ್ಯಾನ ಪರಂಪರೆಗೆ ನಾವು ಹೊರಗಿನವರು. ಮುರಕಲ್ಲಿನ ಗುಡ್ಡ, ನಾಲ್ಕು ತಿಂಗಳ ಜಡಿಮಳೆ, ಅದರ ಬೆನ್ನಿಗೇ ಒಣ ಬೇಸಗೆ ಇರುವ ಈ ನೆಲಕ್ಕೆ ಲಾಲ್‌ಬಾಗಿನ ಹೂಪಾತಿಗಿಂತ ಬೇಕಾಗಿದ್ದುದು ನಂಬಬಹುದಾದ ಸಸಿ.

ಆ ನಂಬಿಕೆ ಎಂಥದೆಂದು ತಿಳಿಯಲು ಗೇರು ಕಸಿ ಕಟ್ಟುವುದನ್ನು ಹತ್ತಿರದಿಂದ ನೋಡಬೇಕು. ಬೀಜದಿಂದ ಎದ್ದ, ತುದಿಯೆಲೆ ಇನ್ನೂ ತಾಮ್ರದ ಬಣ್ಣದಲ್ಲಿರುವ ಎಳೆಯ ಸಸಿಯ ತಲೆ ಸವರಿ, ಕಾಂಡವನ್ನು ನಡುವೆ ಸೀಳಿ, ಒಳ್ಳೆಯ ಫಸಲು ಕೊಡುವ ತಾಯಿಮರದ ಕುಡಿಯನ್ನು ಬೆಣೆಯ ಹಾಗೆ ಕೆತ್ತಿ ಅದರೊಳಗೆ ಕೂರಿಸಿ, ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲೊಂದು ಟೋಪಿ ಹಾಕುತ್ತಾರೆ. ಕೈ ಪಳಗಿದವರಿಗೆ ಇದು ಕೆಲವೇ ನಿಮಿಷಗಳ ಕೆಲಸ. ಆದರೆ ತಾಯಿಮರ ಯಾವುದೆಂಬುದನ್ನು ರೈತ ಸಸಿ ನೋಡಿ ಹೇಳಲಾರ. ತಳಿ ತಪ್ಪಾಗಿದ್ದರೆ ಅದು ಗೊತ್ತಾಗುವುದು ಗಿಡ ಫಸಲಿಗೆ ಬಂದ ಮೇಲೆಯೇ. ಅಷ್ಟು ವರ್ಷಗಳ ನಷ್ಟವನ್ನು ತಡೆಯಲು ದಾಖಲೆಯುಳ್ಳ ತಾಯಿಮರಗಳಿರುವ ಸಾರ್ವಜನಿಕ ಸಸ್ಯಾಗಾರ ಬೇಕು.

ಇಂಥ ಕೆಲಸಕ್ಕೆ ಅಧಿಕಾರಿ ಒಂದೇ ಕಡೆ ನಿಲ್ಲಬೇಕು. ಕ್ರುಂಬಿಗಲ್ ಇಪ್ಪತ್ತನಾಲ್ಕು ವರ್ಷ ಇದ್ದರು, ಮರಿಗೌಡರು ಎರಡು ದಶಕಗಳನ್ನು ಮೀರಿ ದುಡಿದರು. ನೆಟ್ಟ ಮರ ಫಲ ಕೊಟ್ಟದ್ದನ್ನು ಕಂಡು ಮುಂದಿನ ತೀರ್ಮಾನ ಮಾಡುವ ಅವಕಾಶ ಅವರಿಗೆ ಸಿಕ್ಕಿತು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ವರ್ಗಾವಣೆಯ ಆದೇಶ ಬರುವ ವ್ಯವಸ್ಥೆಯಲ್ಲಿ ಎಷ್ಟೇ ಸಮರ್ಥರಿದ್ದರೂ ಹೂಕುಂಡ ಜೋಡಿಸಬಲ್ಲರು, ತೋಟ ಕಟ್ಟಲಾರರು. ಇದು ನನ್ನ ಗಟ್ಟಿಯಾದ ಅಭಿಪ್ರಾಯ.

ಕದ್ರಿಯಲ್ಲಿ ಆಗಬೇಕಾದ ಮುಂದಿನ ಕೆಲಸವೂ ಈ ಪರಂಪರೆಯಲ್ಲೇ ಇದೆ. ಸುರಗಿ, ಹೊನ್ನೆ, ರೆಂಜೆ, ಪುನರ್ಪುಳಿ, ಮಿಡಿ ಉಪ್ಪಿನಕಾಯಿಗೆ ಒದಗುವ ಕಾಡುಮಾವಿನ ಆಯ್ದ ತಳಿಗಳನ್ನು ಹೆಸರುಫಲಕದೊಂದಿಗೆ ಅಲ್ಲಿ ಬೆಳೆಸಿ, ಅವುಗಳಿಂದಲೇ ಕಸಿ ಕಟ್ಟಿ ಜನರಿಗೆ ಕೊಡಬೇಕು. ರಸ್ತೆ ಅಗಲಿಸುವಾಗಲೂ ಮನೆ ಕಟ್ಟುವಾಗಲೂ ಹಳೆಯ ಕಾಡುಮಾವಿನ ಮರಗಳು ಉರುಳುತ್ತಿರುವುದರಿಂದ ಕುಡಿ ಸಂಗ್ರಹವನ್ನು ಇನ್ನು ಮುಂದೂಡುವಂತಿಲ್ಲ.