ಕಿಂಗ್ಸ್‌ವೇ ಕೆಲಸದ ಡೈರಿ: ನೀರಿನ ಟ್ಯೂಬ್ ಹೊರಗೆ ಬಂತು

ಬಂತು. ತುಂಡು ತುಂಡಾಗಿ, ತುಕ್ಕಿನ ಪುಡಿ ಉದುರಿಸುತ್ತಾ, ಆದರೆ ಕೊನೆಯ ಚೂರಿನ ತನಕ ಬಂತು. ಹಳೆಯ ಕ್ರೈಸ್ಲರ್ ಫ್ಲ್ಯಾಟ್‌ಹೆಡ್ ಸಿಕ್ಸ್ (ವಾಲ್ವ್‌ಗಳು ಸಿಲಿಂಡರ್ ಪಕ್ಕದಲ್ಲೇ ಕೂರುವ ಆರು ಸಿಲಿಂಡರಿನ ಎಂಜಿನ್) ಇಟ್ಟುಕೊಂಡವರಿಗೆ ನಾನು ಯಾವ ಟ್ಯೂಬ್ ಬಗ್ಗೆ ಮಾತಾಡುತ್ತಿದ್ದೇನೆ ಅಂತ ಈಗಾಗಲೇ ಗೊತ್ತಾಗಿರುತ್ತದೆ. ಅವರ ಬೆರಳಿಗೂ ಗಾಯ ಆಗಿರುತ್ತದೆ.

ಗಾಡಿ 1951ರ ಡಾಜ್ ಕಿಂಗ್ಸ್‌ವೇ. ಹೆಸರು ಡಾಜ್, ಮೈಯೆಲ್ಲ ಪ್ಲಿಮತ್. ರಫ್ತಿನ ಮಾರುಕಟ್ಟೆಗೆ ಅಂತ ಕ್ರೈಸ್ಲರ್ ಕಂಪನಿ ಪ್ಲಿಮತ್‌ಗೆ ಡಾಜ್ ಮೂತಿ ಹಾಕಿ ಕಳಿಸುತ್ತಿತ್ತು. ನಮ್ಮ ದೇಶದಲ್ಲಿ ಅದನ್ನು ಜೋಡಿಸಿದ್ದು ಮುಂಬೈ ಕುರ್ಲಾದ ಪ್ರೀಮಿಯರ್ ಕಾರ್ಖಾನೆ. ಆ ಕಂಪನಿ ಕಟ್ಟಿದ ವಾಲಚಂದ್ ಹಿರಾಚಂದ್ ಹುಟ್ಟಿದ್ದು ಸೊಲ್ಲಾಪುರದಲ್ಲಿ. ಅಂದರೆ ಗಾಡಿ ಅಮೆರಿಕದ್ದಾದರೂ ಕಲಬುರಗಿಗೆ ಪಕ್ಕದೂರಿನ ಬೀಗಸ್ತನ ಇದೆ ಅಂತ ಮನೆಯಲ್ಲಿ ವಾದಿಸಿ ನೋಡಿದೆ. ಯಾರೂ ಒಪ್ಪಲಿಲ್ಲ.

ಎಂಜಿನ್ 217.8 ಘನ ಇಂಚು, ನಮ್ಮ ಲೆಕ್ಕದಲ್ಲಿ ಸುಮಾರು 3.6 ಲೀಟರ್. ಹೊಸದಿದ್ದಾಗ 97 ಅಶ್ವಶಕ್ತಿ. ಆರು ವೋಲ್ಟ್, ಪಾಸಿಟಿವ್ ಅರ್ಥ್ (ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಮೈಗೆ). ಬ್ರೇಕ್, ಕಿಂಗ್ ಪಿನ್, ವೈರಿಂಗ್ ಇದೆಲ್ಲ ಮುಗಿದ ಕಥೆ. ಉಳಿದಿದ್ದು ಒಂದೇ ರೋಗ. ಚಳಿಗಾಲದಲ್ಲಿ ಸರಿಯಾಗಿರುತ್ತಿದ್ದ ಗಾಡಿ ಮಾರ್ಚ್ ಬಂತೆಂದರೆ ಕುದಿಯುತ್ತಿತ್ತು. ಜೇವರ್ಗಿ ರಸ್ತೆ ಹಿಡಿದು ಹೊರಟರೆ ಫರಹತಾಬಾದ್ ಮುಟ್ಟುವ ಮೊದಲೇ ಬಾನೆಟ್ ಎತ್ತಬೇಕು. ಅಲ್ಲಿ ಎಮ್ಮೆ ಕಾಯುವ ಹುಡುಗರು ನನಗೆ ಹೆಸರಿಟ್ಟಿದ್ದಾರೆ. ಇಲ್ಲಿ ಬರೆಯುವಂಥದ್ದಲ್ಲ.

ಸಲಹೆ ಕೊಡುವವರಿಗೆ ಬರ ಇರಲಿಲ್ಲ. ರೇಡಿಯೇಟರ್ ಕೋರ್ ಬದಲಿಸಿ ಅಂದರು. ಹಿಂದಿನ ಮಾಲೀಕರೇ ಬದಲಿಸಿದ್ದರು, ಒಳ್ಳೆಯ ಕೋರ್ ಅದು. ನೀರು ಬಿಸಿಯಾಗುವ ತನಕ ದಾರಿ ಮುಚ್ಚಿಡುವ ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಅಂದರು. ನಮ್ಮ ಕಡೆಯ ಯಾವ ಗ್ಯಾರೇಜಿಗೆ ಹೋದರೂ ಇದೇ ಮೊದಲ ಮಾತು. ಮಾರುತಿಯ ಎಲೆಕ್ಟ್ರಿಕ್ ಫ್ಯಾನ್ ಕೂರಿಸಿ ಅಂದರು, ಅದು ಹನ್ನೆರಡು ವೋಲ್ಟಿನದು, ನನ್ನದು ಆರು ವೋಲ್ಟ್ ಅಂದ ಕೂಡಲೇ ಸುಮ್ಮನಾದರು. ಒಬ್ಬರಂತೂ ಎಂಜಿನ್ ತೆಗೆದು ಡೀಸೆಲ್ ಹಾಕಿ, ಮೈಲೇಜ್ ಜಾಸ್ತಿ ಅಂದರು. ಅವರ ಜೊತೆ ಮಾತು ಬಿಟ್ಟಿದ್ದೇನೆ.

ಸುಳಿವು ಕೊಟ್ಟಿದ್ದು ತಾಪಮಾನ ನೋಡುವ ಗನ್. ಗಾಡಿ ಬಿಸಿ ಇರುವಾಗ ಹೆಡ್ (ಎಂಜಿನ್ನಿನ ಮೇಲಿನ ಮುಚ್ಚಳ) ಮೇಲೆ ಮುಂದಿನಿಂದ ಹಿಂದಕ್ಕೆ ಹಿಡಿಯುತ್ತಾ ಹೋದೆ. ಒಂದನೇ ಸಿಲಿಂಡರ್ ಹತ್ತಿರ 81 ಡಿಗ್ರಿ. ಆರನೆಯದರ ಹತ್ತಿರ 108. ರೇಡಿಯೇಟರ್ ಕೆಳಗಿನ ಪೈಪ್ ಕೈಯಲ್ಲಿ ಹಿಡಿಯಬಹುದು. ಅಂದರೆ ರೇಡಿಯೇಟರ್ ತನ್ನ ಕೆಲಸ ಮಾಡುತ್ತಿದೆ. ತಣ್ಣಗಾದ ನೀರು ಹಿಂದಕ್ಕೆ ಹೋಗುತ್ತಿಲ್ಲ, ಅಷ್ಟೇ.

ಈ ಎಂಜಿನ್ನಿನಲ್ಲಿ ನೀರಿನ ಪಂಪ್ ಹಿಂದೆ, ಬ್ಲಾಕ್ ಅನ್ನುವ ಎಂಜಿನ್ ಎರಕದ ಒಳಗೆ, ಉದ್ದಕ್ಕೂ ಒಂದು ಚಪ್ಪಟೆ ತಗಡಿನ ಟ್ಯೂಬ್ ಇದೆ. ಅದಕ್ಕೆ ಅಲ್ಲಲ್ಲಿ ಕಿಂಡಿ. ಪಂಪ್ ತಳ್ಳಿದ ನೀರು ಟ್ಯೂಬ್ ಹಿಡಿದು ಹೋಗಿ ಸುಟ್ಟ ಹೊಗೆ ಹೊರಬಿಡುವ ಒಂದೊಂದು ಎಕ್ಸಾಸ್ಟ್ ವಾಲ್ವ್ ಕೂರುವ ಸೀಟಿಗೂ ನೇರ ಬಡಿಯಬೇಕು. ಒಳ್ಳೆಯ ಯೋಚನೆಯೇ. ಆದರೆ ಟ್ಯೂಬ್ ಮಾಡಿದ್ದು ಉಕ್ಕಿನ ತಗಡಿನಲ್ಲಿ, ಇಟ್ಟಿದ್ದು ನೀರಿನಲ್ಲಿ. ತುಕ್ಕು ಮೊದಲು ತಿನ್ನುವುದು ಮುಂದಿನ ಭಾಗವನ್ನು. ಅಲ್ಲಿ ತೂತು ಬಿದ್ದರೆ ನೀರು ಒಂದು ಮತ್ತು ಎರಡನೇ ಸಿಲಿಂಡರಿಗೆ ಸುರಿದು ಹಾಗೇ ಮೇಲಕ್ಕೆ ಹತ್ತಿ ರೇಡಿಯೇಟರಿಗೆ ವಾಪಸ್. ನಾರಾಯಣಪುರ ಎಡದಂಡೆ ಕಾಲುವೆಯ ಕೊನೆಯ ರೈತನ ಪಾಡು ಆರನೇ ಸಿಲಿಂಡರಿಗೆ ಬರುತ್ತದೆ. ಯಾದಗಿರಿ ಕಡೆಯವರಿಗೆ ಇದಕ್ಕಿಂತ ಜಾಸ್ತಿ ವಿವರಣೆ ಬೇಡ, ಅಲ್ವಾ?

ನಮ್ಮ ನೀರೂ ತನ್ನ ಪಾಲು ಹಾಕಿದೆ. ಚಿತ್ತಾಪುರ, ಸೇಡಂ, ಶಹಾಬಾದ್ ಎಲ್ಲ ಸುಣ್ಣದ ಕಲ್ಲಿನ ಮೇಲೆ ಕೂತ ನಾಡು. ಸಿಮೆಂಟ್ ಕಾರ್ಖಾನೆಗಳು ಸುಮ್ನೆ ಬಂದಿಲ್ಲ. ಶಹಾಬಾದ್ ಕಲ್ಲು ಮನೆಯ ನೆಲಕ್ಕೆ ಚೆಂದ, ಎಂಜಿನ್ ಒಳಗೆ ಅಲ್ಲ. ಈ ಗಾಡಿಯ ಎಷ್ಟೋ ಮಾಲೀಕರು ಎಷ್ಟೋ ವರ್ಷ ಬೋರ್‌ವೆಲ್ ನೀರು ಹಾಕಿದ್ದಾರೆ. ಪಂಪ್ ಬಿಚ್ಚಿ ಟಾರ್ಚ್ ಬಿಟ್ಟಾಗ ಕಂಡಿದ್ದು ಅರ್ಧ ತುಕ್ಕು, ಅರ್ಧ ಬಿಳಿ ಗಾರೆ.

ರೇಡಿಯೇಟರ್, ಪಂಪ್, ಹೆಡ್ ಬಿಚ್ಚಿದ್ದು ಹೇಳುವಂಥ ಕೆಲಸವಲ್ಲ. ಕೊಕ್ಕೆ ಹಾಕಿ ಎಳೆದೆ. ಟ್ಯೂಬಿನ ಬಾಯಿ ಮತ್ತು ಒಂದು ಗೇಣು ತಗಡು ಕೈಗೆ ಬಂತು. ಉಳಿದಿದ್ದು ಒಳಗೇ ಮುರಿಯಿತು. ಇನ್ನು ಎಳೆಯುವುದಕ್ಕೆ ಅಂಚೇ ಇಲ್ಲ. ತಗಡು ಗಾರೆಯಲ್ಲಿ ಹೂತು ಹೋಗಿದೆ, ಕೊಕ್ಕೆ ಹಾಕಿದಲ್ಲೆಲ್ಲ ಹರಿಯುತ್ತದೆ.

ಮೊದಲು ಗಾರೆ ಕರಗಬೇಕಿತ್ತು. ನೆಹರು ಗಂಜ್‌ನಲ್ಲಿ ನಿಂಬೆ ಉಪ್ಪು ಕಿಲೋಗಟ್ಟಲೆ ಕೊಂಡೆ. ಅಂಗಡಿಯವರು ಯಾರ ಮನೆ ಮದುವೆ ಅಂತ ಕೇಳಿದರು. ಡಾಜ್‌ದು ಅಂದೆ. ಬಿಸಿ ನೀರಿಗೆ ಬೆರೆಸಿ ಬ್ಲಾಕಿಗೆ ತುಂಬಿ, ಮರುದಿನ ಚೆಲ್ಲಿ, ಮತ್ತೆ ತುಂಬಿ. ಬ್ಲಾಕಿನ ಪಕ್ಕದಲ್ಲಿರುವ ತಗಡಿನ ಮುಚ್ಚಳ, ಅಂದರೆ ಕೋರ್ ಪ್ಲಗ್‌ಗಳನ್ನು ತೆಗೆದು ಅಲ್ಲಿಂದಲೂ ಕೆರೆದೆ. ಹಿಂದಿನ ಪ್ಲಗ್ ತೆಗೆದಾಗ ಒಂದು ಹನಿಯೂ ಬರಲಿಲ್ಲ. ತಂತಿ ಚುಚ್ಚಿದ ಮೇಲೆ ಕಂದು ಕೆಸರು ಇಳಿಯಿತು. ಆರನೇ ಸಿಲಿಂಡರ್ ಸುತ್ತ ನೀರೇ ಇರಲಿಲ್ಲ, ಬರೀ ಹೂಳು. ನಿಂಬೆ ಉಪ್ಪು ಹಾಕಿದವರು ಆಮೇಲೆ ಅಡಿಗೆ ಸೋಡಾ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಹುಳಿ ಒಳಗೆ ಉಳಿದರೆ ಕಬ್ಬಿಣವನ್ನೂ ಬಿಡುವುದಿಲ್ಲ.

ಗಾರೆ ಸಡಿಲವಾಯಿತು. ಟ್ಯೂಬ್ ಮಾತ್ರ ಅಲ್ಲಾಡಲಿಲ್ಲ.

ದಾರಿ ಹೇಳಿದ್ದು ನಮ್ಮ ಓಣಿಯ ಬೋರ್‌ವೆಲ್ ಮೆಕ್ಯಾನಿಕ್. ಕಳಚಿ ಬಿದ್ದ ಮೋಟಾರನ್ನು ನೂರಾರು ಅಡಿ ಆಳದಿಂದ ಎತ್ತುವ ಮನುಷ್ಯ. ಅವರಿಗೆ ಅಮೆರಿಕದ ಗಾಡಿ ಅಂದರೆ ಯಾವ ಭಯವೂ ಇಲ್ಲ. ಬಂದರು, ಟಾರ್ಚ್ ಬಿಟ್ಟು ನೋಡಿದರು, ನಕ್ಕರು. "ಸರ, ನೀವು ಅಂಚು ಹಿಡದು ಎಳೀಲಾಕತ್ತೀರಿ. ಅಂಚು ಬಿಡ್ರಿ. ಒಳಗ ಹೋಗಾಗ ಮುಚ್ಚಿರಬೇಕು, ಬರಾಗ ತೆರೀಬೇಕು. ಇಷ್ಟೇ ಅದ ಆಟ."

ಅವರು ಮೋಟಾರ್ ಎತ್ತಲು ಬಳಸುವ ಸಾಮಾನಿನ ಚಿಕ್ಕ ನಕಲು ಮಾಡಿಸಿದೆವು. ಹಳೆಯ ಸ್ಪ್ರಿಂಗ್ ಪಟ್ಟಿ ತೆಳ್ಳಗೆ ತೀಡಿ, ತುದಿಯ ಎರಡೂ ಕಡೆ ಹಿಂದಕ್ಕೆ ಬಾಗಿದ ಮುಳ್ಳು. ತಳ್ಳುವಾಗ ಮುಳ್ಳು ಪಟ್ಟಿಗೆ ಅಂಟಿಕೊಳ್ಳುತ್ತದೆ. ಎಳೆಯುವಾಗ ಅಗಲವಾಗಿ ಟ್ಯೂಬಿನ ಒಳಗೋಡೆಗೆ, ಕಿಂಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತುದಿಗೆ ಜಾರುವ ಸುತ್ತಿಗೆ: ಒಂದು ರಾಡು, ಅದರ ಮೇಲೆ ಓಡಾಡುವ ಟ್ರ್ಯಾಕ್ಟರ್ ಪಿನ್. ಪಟ್ಟಿಯನ್ನು ಪೂರ್ತಿ ಹಿಂದಿನ ತನಕ ತಳ್ಳಿ ಅಲ್ಲಿಂದ ಬಡಿಯುತ್ತಾ ಬರಬೇಕು. ಮುಂದಿನಿಂದ ಎಳೆದರೆ ತಗಡು ಹರಿಯುತ್ತದೆ, ಹಿಂದಿನಿಂದ ದೂಡಿಕೊಂಡು ಬಂದರೆ ಮಡಚಿಕೊಂಡು ಬರುತ್ತದೆ. ಇಡೀ ಗುಟ್ಟು ಇದೇ. ನಾಲ್ಕೈದು ಬೆರಳಿನಷ್ಟು ಬಂತು, ನಿಂತಿತು, ಎಣ್ಣೆ ಬಿಟ್ಟೆವು, ಮತ್ತೆ ಬಡಿದೆವು. ಕೊನೆಯ ತುಂಡು ಬಂದಾಗ ಮೆಕ್ಯಾನಿಕ್ ಅದನ್ನು ಎತ್ತಿ ಹಿಡಿದು, ಇದಕ್ಕ ಎಷ್ಟು ರೊಕ್ಕ ಕೊಟ್ಟೀರಿ ಅಂದರು. ಹೊಸದರ ಬೆಲೆ ಹೇಳಿದೆ. ಅವರ ನಗು ಪೂರ್ತಿ ನಿಂತೇ ಹೋಯಿತು.

ಈಗ ಹೊಸದರ ಕಥೆ. ಕ್ರೈಸ್ಲರ್ ಫ್ಲ್ಯಾಟ್‌ಹೆಡ್ ಸಿಕ್ಸ್ ಎರಡು ಉದ್ದದಲ್ಲಿ ಬಂದಿದೆ. ಹೆಡ್ ಸುಮಾರು 23 ಇಂಚು ಇದ್ದರೆ ಅಮೆರಿಕದ ಪ್ಲಿಮತ್, ಡಾಜ್ ಬ್ಲಾಕ್. 25 ಇಂಚು ಇದ್ದರೆ ಕ್ರೈಸ್ಲರ್, ಡಿಸೋಟೊ, ಮತ್ತೆ ಕೆನಡಾದ್ದು. ನನ್ನದು ಚಿಕ್ಕದು. ಟೇಪ್ ಇಟ್ಟು ಫೋಟೋ ತೆಗೆದು, ಸಂಖ್ಯೆಗೆ ಕೆಂಪು ಗೆರೆ ಎಳೆದು ಸಪ್ಲೈಯರ್‌ಗೆ ಕಳಿಸಿದ್ದೆ. ಅವರ ಹೆಸರು ಬೇಡ. ಟ್ಯೂಬಿನ ಬೆಲೆಗಿಂತ ಕೊರಿಯರ್ ಮತ್ತು ಕಸ್ಟಮ್ಸ್ ಸೇರಿ ಜಾಸ್ತಿ. ಪೊಟ್ಟಣ ಬಿಚ್ಚಿದರೆ ಉದ್ದದ್ದು, ಡಿಸೋಟೊದ್ದು. ಫೋನ್ ಮಾಡಿದರೆ ಸಿಕ್ಕ ಉತ್ತರ: ಎರಡು ಇಂಚು ಕತ್ತರಿಸಿ ಹಾಕಿಕೊಳ್ಳಿ.

ಸ್ವಾಮಿ, ಇದು ಪರದೆ ರಾಡಲ್ಲ. ಉದ್ದದ ಬ್ಲಾಕಿನಲ್ಲಿ ಸಿಲಿಂಡರ್‌ಗಳ ನಡುವಿನ ಅಂತರವೇ ಬೇರೆ. ತುದಿ ಕತ್ತರಿಸಿದರೆ ಉದ್ದ ಸರಿಹೋಗಬಹುದು, ಕಿಂಡಿಗಳು ವಾಲ್ವ್ ಸೀಟ್ ಬಿಟ್ಟು ಗೋಡೆಗೆ ನೀರು ಹೊಡೆಯುತ್ತವೆ.

ವಾಪಸ್ ಕಳಿಸುವ ಖರ್ಚು ನೋಡಿ ಇಲ್ಲೇ ಮಾಡಿಸುವುದೆಂದು ತೀರ್ಮಾನಿಸಿದೆ. ತಪ್ಪು ಟ್ಯೂಬಾದರೂ ಅದರ ದಪ್ಪ, ಅಗಲ, ಕಿಂಡಿಯ ಅಳತೆ ಸರಿಯಿತ್ತು. ಬೇಕಿದ್ದಿದ್ದು ಕಿಂಡಿ ಎಲ್ಲೆಲ್ಲಿ ಅನ್ನುವುದು. ಹೆಡ್ ತೆಗೆದೇ ಇತ್ತಲ್ಲ. ಬ್ಲಾಕ್ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ ಪೆನ್ಸಿಲ್ ಉಜ್ಜಿದೆ. ವಾಲ್ವ್‌ಗಳ ಸಾಲು ಹಾಗೇ ಮೂಡಿತು. ಇದರಲ್ಲಿ ಮೊದಲ ಮತ್ತು ಕೊನೆಯ ವಾಲ್ವ್ ಎಕ್ಸಾಸ್ಟ್, ನಡುವೆ ಇಂಟೇಕ್ ಎರಡು, ಎಕ್ಸಾಸ್ಟ್ ಎರಡು ಹೀಗೆ ಜೋಡಿ ಜೋಡಿ. ಎರಡು ಮತ್ತು ಮೂರನೇ ಸಿಲಿಂಡರಿನ ಎಕ್ಸಾಸ್ಟ್ ಅಕ್ಕಪಕ್ಕ, ನಾಲ್ಕು ಮತ್ತು ಐದರದ್ದೂ ಅಕ್ಕಪಕ್ಕ. ಬಿಸಿ ಜಾಸ್ತಿ ಆಗುವುದು ಅಲ್ಲಿ, ಮತ್ತೆ ಬಡಪಾಯಿ ಆರನೆಯದಕ್ಕೆ. ಪಂಪ್ ಕೂರುವ ಅಂಚಿನಿಂದ ಒಂದೊಂದು ಎಕ್ಸಾಸ್ಟ್ ಸೀಟಿನ ನಡುಬಿಂದುವಿಗೆ ಅಳತೆ ಹಿಡಿದು ಪೇಪರ್ ಮೇಲೆ ಬರೆದುಕೊಂಡೆ.

ಶಹಾಬಜಾರ್ ಕಡೆ ದೇವರ ಸಾಮಾನು ಮಾಡುವ ಒಬ್ಬ ಹಿರಿಯ ಕೆಲಸಗಾರರಿದ್ದಾರೆ. ಹಿತ್ತಾಳೆ ತಗಡು ಬಾಗಿಸಿ, ಬೆಸೆದು, ಚಪ್ಪಟೆ ಮಾಡಿ ಕೊಟ್ಟರು. ಮೆದು ಸೀಸದ ಬೆಸುಗೆ ಬೇಡ, ಬೆಳ್ಳಿ ಬೆಸುಗೆಯೇ ಬೇಕು ಅಂತ ಹಟ ಹಿಡಿದೆ. "ಇದ್ಯಾವ ದೇವ್ರ ಸಾಮಾನ್ರೀ?" ಅಂದರು. ಕೊನೆಗೆ ಹೊರಗೂ ಪಾಲಿಶ್ ಮಾಡಿಟ್ಟಿದ್ದರು. ಬ್ಲಾಕ್ ಒಳಗೆ ಹೋಗುವ, ಇನ್ನು ಯಾರೂ ನೋಡದ ಟ್ಯೂಬ್ ಫಳಫಳ ಹೊಳೆಯುತ್ತಿದೆ. ಬೇಡ ಅನ್ನಲು ಮನಸ್ಸು ಬರಲಿಲ್ಲ.

ಇಲ್ಲಿ ಒಂದು ಅಡ್ಡ ಮಾತು. ಅವರ ಅಂಗಡಿಯಲ್ಲಿ ಕೂತಿದ್ದಾಗ ನನ್ನ ತಲೆ ಟಗರಿನ ಕಡೆ ಹೋಯಿತು. ಡಾಜ್ ಬಾನೆಟ್ ಮೇಲೆ ನೆಗೆಯುವ ಟಗರು ಇರುತ್ತದಲ್ಲ, ನನ್ನದಕ್ಕೆ ಒಂದು ಕೊಂಬಿಲ್ಲ. ಅದು ಸತುವಿನ ಅಗ್ಗದ ಎರಕ. ಆ ಕಾಲದ ಎರಕದಲ್ಲಿ ಸೀಸ ಬೆರೆತಿದ್ದರೆ ಒಳಗಿಂದಲೇ ಬಿರುಕು ಬಿಟ್ಟು ಪುಡಿಯಾಗುತ್ತದೆ, ಅಂಟಿಸಿ ಪ್ರಯೋಜನವಿಲ್ಲ. ಬೀದರಿನ ಬಿದರಿ ಕೆಲಸವೂ ಸತುವೇ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ, ಕೋಟೆಯ ಮಣ್ಣು ಮತ್ತು ನವಸಾಗರದಲ್ಲಿ ಕುದಿಸಿದರೆ ಕಡುಕಪ್ಪು, ಬೆಳ್ಳಿ ತಂತಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕಪ್ಪು ಟಗರು, ಬೆಳ್ಳಿಯ ಕೊಂಬು. ಕ್ರೋಮ್ ಶುದ್ಧವಾದಿಗಳು ಬೈಯಲಿ. ಮೇಣದ ಮಾದರಿ ಮಾಡಲು ಶುರು ಮಾಡಿದ್ದೇನೆ. ಸದ್ಯಕ್ಕೆ ಅದು ಟಗರಿಗಿಂತ ನಾಯಿಯ ಹಾಗೆ ಕಾಣುತ್ತಿದೆ.

ಮತ್ತೆ ಗಾಡಿಗೆ. ಹಿತ್ತಾಳೆ ಟ್ಯೂಬ್ ಸ್ವಲ್ಪ ಗ್ರೀಸ್ ಹಚ್ಚಿದ ಮೇಲೆ ಕೈಯಲ್ಲೇ ಜಾರಿ ಹೋಯಿತು. ಆರನೇ ಎಕ್ಸಾಸ್ಟ್ ವಾಲ್ವ್ ಅಂಚು ಸುಟ್ಟಿತ್ತು, ಬದಲಿಸಿದೆ. ಹೊಸ ಗ್ಯಾಸ್ಕೆಟ್, 71 ಡಿಗ್ರಿಯ ಥರ್ಮೋಸ್ಟಾಟ್, ಡಿಸ್ಟಿಲ್ಡ್ ನೀರು, ಕೂಲಂಟ್. ಬೋರ್‌ವೆಲ್ ನೀರಿನ ಕೊಡ ಗ್ಯಾರೇಜಿನಿಂದ ಗಡೀಪಾರು.

ಪರೀಕ್ಷೆ ಮೇ ತಿಂಗಳ ಮಧ್ಯಾಹ್ನವೇ ಆಗಬೇಕಿತ್ತು, ಇಲ್ಲದಿದ್ದರೆ ಅರ್ಥವಿಲ್ಲ. ನೆರಳಲ್ಲೇ 42 ಡಿಗ್ರಿ. 2021ರ ವಿಂಟೇಜ್ ನಿಯಮದಲ್ಲಿ ನೋಂದಣಿ ಮಾಡಿಸಿದ ಗಾಡಿಯನ್ನು ದಿನಾ ಓಡಿಸುವಂತಿಲ್ಲ, ರಿಪೇರಿಗೆ, ಪ್ರದರ್ಶನಕ್ಕೆ ಅಡ್ಡಿಯಿಲ್ಲ. ಇದು ಅಪ್ಪಟ ರಿಪೇರಿ. ಫರಹತಾಬಾದ್ ದಾಟಿತು. ಎಮ್ಮೆ ಹುಡುಗರು ಎದ್ದು ನಿಂತು ನೋಡಿದರು. ಕಟ್ಟಿಸಂಗಾವಿ ಹತ್ತಿರ ಭೀಮಾ ಸೇತುವೆಯ ಪಕ್ಕ ನಿಲ್ಲಿಸಿ ಗನ್ ಹಿಡಿದೆ. ಮುಂದೆ 83, ಹಿಂದೆ 88. ಕಾಲುವೆಯ ಕೊನೆಗೂ ನೀರು ಮುಟ್ಟಿದೆ.

ಚಹಾ ಕುಡಿದು ಬಂದು ಕೀಲಿ ತಿರುಗಿಸಿದರೆ ಗಾಡಿ ಸ್ಟಾರ್ಟ್ ಆಗಲಿಲ್ಲ.

ಕುದಿ ಅಲ್ಲ. ವೇಪರ್ ಲಾಕ್. ನಿಂತ ಎಂಜಿನ್ನಿನ ಬಿಸಿಗೆ ಎಂಜಿನ್ನಿನ ಇಂಧನದ ಪಂಪಿನಲ್ಲೇ ಪೆಟ್ರೋಲ್ ಆವಿಯಾಗಿದೆ. ಬಂಕಿನಲ್ಲಿ ಈಗ ಸಿಗುವುದು ಶೇಕಡಾ 20 ಎಥೆನಾಲ್ ಬೆರೆತದ್ದು, ಆ ಪಂಪಿನ ಒಳಗಿನ ಹಳೆಯ ರಬ್ಬರ್ ಪರದೆ, ಅಂದರೆ ಡಯಾಫ್ರಾಮ್‌ಗೂ ಅದು ಆಗಿಬರುವುದಿಲ್ಲ. ಒದ್ದೆ ಬಟ್ಟೆ ಸುತ್ತಿ ಕಾದು ವಾಪಸ್ ಬಂದೆ. ಎಥೆನಾಲ್ ತಡೆಯುವ ಡಯಾಫ್ರಾಮ್ ಆರ್ಡರ್ ಮಾಡಿದ್ದೇನೆ, ಬೇರೆ ಸಪ್ಲೈಯರ್ ಹತ್ತಿರ. ಪೆಟ್ರೋಲ್ ಪಂಪಿಗೂ ಎಕ್ಸಾಸ್ಟ್ ಬಿಸಿಗೂ ನಡುವೆ ಒಂದು ತಗಡಿನ ಮರೆ ಇರುತ್ತದೆ, ನನ್ನದರಲ್ಲಿ ಅದು ಕಳೆದುಹೋಗಿದೆ. ಯಾರ ಗಾಡಿಯಲ್ಲಾದರೂ ಮೂಲದ್ದು ಉಳಿದಿದ್ದರೆ ರಟ್ಟಿನ ಮೇಲೆ ಗೆರೆ ಎಳೆದು, ಬೋಲ್ಟ್ ತೂತಿನ ಅಂತರ ಬರೆದು ಫೋಟೋ ಕಳಿಸಿ. ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಉದ್ದದ ಡಿಸೋಟೊ ಟ್ಯೂಬ್ ಬೇಕಾದವರು ಇದ್ದರೆ ಹೇಳಿ, ಪ್ಯಾಕಿಂಗ್ ಸಮೇತ ಇದೆ, ಕತ್ತರಿಸಿಲ್ಲ.