ಬಾಟಲಿಯ ಮೇಲಿನ ಚೀಟಿ

ನಮ್ಮ ಝೂವಾಲಜಿ ಮೇಷ್ಟ್ರು ಹೋದ ತಿಂಗಳು ತೀರಿಕೊಂಡರು. ಸುದ್ದಿ ಬಂದಾಗ ನಾನು ಮೂಡಿಗೆರೆಯ ತೋಟದಲ್ಲಿ ಕಾಳುಮೆಣಸಿನ ಬಳ್ಳಿಯ ಬೇರು ತೊಳೆದು ನೋಡುತ್ತಿದ್ದೆ. ಹಾಗೆ ನೋಡಲು ಕಲಿಸಿದವರೇ ಅವರು.

1980ರ ದಶಕದ ಚಿಕ್ಕಮಗಳೂರು. ಓದಿದ್ದು ಬಹುಪಾಲು ಮರೆತಿದೆ, ಆಸ್ಕರಿಸ್ ಮಾತ್ರ ಮರೆತಿಲ್ಲ. ಅದೇ, ಮಕ್ಕಳ ಹೊಟ್ಟೆಯ ಜಂತುಹುಳು. ಮೇಷ್ಟ್ರು ಮೇಣದ ಟ್ರೇಯಲ್ಲಿ ಅದನ್ನು ಉದ್ದಕ್ಕೆ ಸೀಳಿ ಪಿನ್ ಚುಚ್ಚುತ್ತಿದ್ದರು. ಒಳಗೆ ಸಿಕ್ಕುಬಿದ್ದ ನೂಲಿನಂತೆ ಬಿಳಿ ಅಂಡಾಶಯ. ದಿನಕ್ಕೆ 2 ಲಕ್ಷ ಮೊಟ್ಟೆ! "ರಕ್ತನಾಳ ಎಲ್ಲಿದೆ ಹುಡುಕ್ರಪ್ಪ" ಎಂದು ಬಿಟ್ಟುಬಿಡುತ್ತಿದ್ದರು. ಅರ್ಧ ಗಂಟೆ ಹುಡುಕಿ ನಾವು ಸೋತ ಮೇಲೆ, "ಇಲ್ವೇ ಇಲ್ಲ. ಉಸಿರಾಡೋ ಅಂಗವೂ ಇಲ್ಲ. ಇಲ್ಲ ಅನ್ನೋದನ್ನೂ ಕಣ್ಣಾರೆ ನೋಡ್ಬೇಕು" ಎನ್ನುತ್ತಿದ್ದರು.

ಒಂದು ಮಳೆಗಾಲ ನಮ್ಮ ಹಳ್ಳದಲ್ಲಿ ಕಪ್ಪು ಕೂದಲಿನಂಥ ಹುಳು ಸಿಕ್ಕಿತು, ಗಂಟು ಹಾಕಿಕೊಂಡು ಹೊರಳುತ್ತಿತ್ತು. ಅದನ್ನು ತಂದು ಲ್ಯಾಬಿನ 'ಗಂಡು ಆಸ್ಕರಿಸ್' ಬಾಟಲಿಗೆ ಹಾಕಿದೆ. ಎರಡು ಬ್ಯಾಚಿನವರು ಚೀಟಿ ನಂಬಿ ರೆಕಾರ್ಡಿನಲ್ಲಿ ಹಾಗೇ ಬರೆದರು. ಮೂರನೇ ದಿನ ಮೇಷ್ಟ್ರ ಕಣ್ಣಿಗೆ ಬಿತ್ತು. "ಯಾರು ತಂದಿದ್ದು?" ಎದ್ದು ನಿಂತೆ. ಬೈಯಲಿಲ್ಲ. ಕೈಗೆ ಲೆನ್ಸ್ ಕೊಟ್ಟು, "ಬಾಲ ನೋಡು" ಎಂದರು. ಗಂಡು ಆಸ್ಕರಿಸ್ ಬಾಲ ಕೊಕ್ಕೆಯಂತೆ ಬಾಗಿರುತ್ತದೆ. ಇದರದ್ದು ಎರಡಾಗಿ ಸೀಳಿತ್ತು. ಗಾರ್ಡಿಯಸ್! ಮಿಡತೆಯಂಥ ಕೀಟದ ಹೊಟ್ಟೆಯಲ್ಲಿ ಬೆಳೆದು, ನೀರು ಸಿಕ್ಕಾಗ ಹೊರಬರುವ ಹುಳು. ಆಮೇಲೆ ಅದು ಏನೂ ತಿನ್ನುವುದಿಲ್ಲವಂತೆ.

ಆಗ ಪುಸ್ತಕದಲ್ಲಿ ಆಸ್ಕರಿಸ್‌ನಂಥ ದುಂಡುಹುಳು, ಗಾರ್ಡಿಯಸ್, ನೀರಿನ ಸೂಕ್ಷ್ಮಜೀವಿ ರಾಟಿಫರ್ ಎಲ್ಲ ಆಸ್ಕೆಲ್ಮಿಂಥಿಸ್ ಎಂಬ ಒಂದೇ ಗುಂಪು. "ಸಿಕ್ಕಿದ್ದನ್ನೆಲ್ಲ ಒಂದೇ ಬುಟ್ಟಿಗೆ ತುಂಬಿದ್ದಾರೆ. ಈ ಬುಟ್ಟಿ ಬಾಳಲ್ಲ" ಎಂದಿದ್ದರು. 1997ರಲ್ಲಿ ವಂಶವಾಹಿ ಹೋಲಿಸಿದ ವಿಜ್ಞಾನಿಗಳು ಪೊರೆ ಕಳಚುವ ದುಂಡುಹುಳುಗಳನ್ನು ಕೀಟ, ಏಡಿಗಳ ಬಳಗಕ್ಕೆ ಸೇರಿಸಿದರು. ಗಾರ್ಡಿಯಸ್ ಕೂಡ ಅದೇ ಬಳಗ, ರಾಟಿಫರ್ ಬೇರೆ. ಓದಿದಾಗ ಮೊದಲು ನೆನಪಾದವರು ಮೇಷ್ಟ್ರು.

ಈಗ ಸುತ್ತಿನ ಬೆಳೆಗಾರರು ಮೆಣಸಿನ ಬಳ್ಳಿ ಹಳದಿಯಾದರೆ ನನ್ನನ್ನೇ ಕರೆಯುತ್ತಾರೆ. ಗೊಬ್ಬರ ಸುರಿಯುವ ಮೊದಲು ಬೇರು ನೋಡಿ ಎನ್ನುತ್ತೇನೆ. ಬೇರು ಕೊರೆಯುವ ದುಂಡುಹುಳು ಬರಿಗಣ್ಣಿಗೆ ಕಾಣುವುದಿಲ್ಲ, ಅದು ಮಾಡಿದ ಕಂದು ಗಾಯ ಕಾಣುತ್ತದೆ. ನನ್ನ ಮಾತು ತಪ್ಪಿದ್ದು ಕಡಿಮೆ. ಅದು ನನಗೆ ಹೆಮ್ಮೆಯೇ.

ಈಗಿನ ಮಕ್ಕಳು ಫೋನಿನ ಚಿತ್ರ ನೋಡಿ ರೆಕಾರ್ಡ್ ಮುಗಿಸುತ್ತಾರೆ. ಡಿಸೆಕ್ಷನ್ ನಿಂತಿದ್ದಕ್ಕೆ ಬೇಸರವಿಲ್ಲ. ಬಗ್ಗಿ ಹಳ್ಳದ ನೀರು ನೋಡುವುದೂ ನಿಂತಿತಲ್ಲ, ಅದಕ್ಕೆ ಬೇಸರ.

ಮೊನ್ನೆ ಶ್ರದ್ಧಾಂಜಲಿ ಸಭೆಗೆ ಬಂದವನು ಲ್ಯಾಬಿಗೆ ಹೋದೆ. ಆ ಬಾಟಲಿ ಇನ್ನೂ ಇದೆ. 'ಗಂಡು ಆಸ್ಕರಿಸ್' ಹೊಡೆದುಹಾಕಿ 'ಗಾರ್ಡಿಯಸ್' ಎಂದು ಬರೆದಿದ್ದಾರೆ. ಕೆಳಗೆ 'ತಂದವರು' ಎಂದು ನನ್ನ ಹೆಸರು, ಮೇಷ್ಟ್ರ ಕೈಬರಹದಲ್ಲಿ.