ಮಳೆಗೆ ಹಾಕಿದ ತಾರ್ ಶೀಟ್, ಬಿಸಿಲಿಗೆ ಟ್ರಿಪ್ ಆದ ಎಸಿ

ಕೊಡಗಿನಲ್ಲಿ ಟೆರೇಸ್ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಸೋರಿಕೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ, ನೆನಪಾಗಲೇಬೇಕು. ಆದರೆ ನಾನು ಮೇಂಟೆನೆನ್ಸ್ ನೋಡಿಕೊಳ್ಳುವ ಆಸ್ಪತ್ರೆ ಇರುವುದು ಕುಶಾಲನಗರದ ಕಡೆ. ಇಲ್ಲಿ ಮಳೆ ಕಡಿಮೆ, ಬಿಸಿಲು ಜಾಸ್ತಿ. ಆದರೂ ಮ್ಯಾನೇಜ್‌ಮೆಂಟ್‌ನವರು ಟೆರೇಸ್ ಪೂರ್ತಿ ಕಪ್ಪು ತಾರ್ ಶೀಟ್ ಹಾಕಿಸಿದರು. ಸೋರಿಕೆ ನಿಂತಿತು. ಶೀಟಿನ ಕೆಳಗೆ ಓಟಿ (ಆಪರೇಷನ್ ಥಿಯೇಟರ್) ಇದೆ, ಮೇಲೆ ಎಸಿಯ ಔಟ್‌ಡೋರ್ ಯೂನಿಟ್‌ಗಳಿವೆ ಅನ್ನುವುದು ಯಾರ ತಲೆಗೂ ಬರಲಿಲ್ಲ.

ಏಪ್ರಿಲ್‌ನ ಒಂದು ಮಧ್ಯಾಹ್ನ ಸಿಸೇರಿಯನ್ ನಡೀತಿತ್ತು. ಓಟಿ ಸಿಸ್ಟರ್ ಫೋನ್ ಮಾಡಿದರು. "ಸಾರ್, ಎಸಿ ಕೂಲಿಂಗ್ ಇಲ್ಲ, 25 ದಾಟಿದೆ." ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಪ್ರಕಾರ ಓಟಿ 21 ಡಿಗ್ರಿ ಇರಬೇಕು, ಮೂರು ಡಿಗ್ರಿ ಆಚೀಚೆ ಆಗಬಹುದು, ಅಷ್ಟೇ. ಮೇಲೆ ಓಡಿದೆ. ಕಂಪ್ರೆಸರ್ ಹೈ ಪ್ರೆಶರ್‌ನಲ್ಲಿ ಟ್ರಿಪ್ ಆಗಿತ್ತು, ಅಂದರೆ ಗ್ಯಾಸಿನ ಒತ್ತಡ ಏರಿ ತಾನೇ ಆಫ್ ಆಗಿತ್ತು. ರೀಸೆಟ್ ಕೊಟ್ಟೆ. ಸ್ವಲ್ಪ ಹೊತ್ತು ಓಡಿತು, ಮತ್ತೆ ಟ್ರಿಪ್. ಕಾಯಿಲ್ ಕ್ಲೀನ್ ಇದೆ, ಫ್ಯಾನ್ ತಿರುಗ್ತಾ ಇದೆ. ಚಪ್ಪಲಿ ತಾರ್‌ಗೆ ಅಂಟುತ್ತಿತ್ತು. ಮಂಡಿಯೂರಿದರೆ ಪ್ಯಾಂಟ್ ದಾಟಿ ಸುಡುತ್ತಿತ್ತು. ಮುಟ್ಟದೆ ಬಿಸಿ ಅಳೆಯುವ ಐಆರ್ ಗನ್ ಹಿಡಿದರೆ ಶೀಟ್ 60 ಡಿಗ್ರಿ ಮೇಲೆ! ಯೂನಿಟ್ ಒಳಗೆ ಎಳೆದುಕೊಳ್ಳುವುದು ಆ ಶೀಟ್ ಕಾಯಿಸಿದ ಗಾಳಿಯನ್ನೇ. ಶಾಖ ಹೊರಗೆ ಹಾಕೋಕೆ ಆಗದೆ ಪ್ರೆಶರ್ ಏರುತ್ತದೆ. ಗೋಣಿಚೀಲ ನೆನೆಸಿ ಯೂನಿಟ್ ಸುತ್ತ ಹಾಸಿದೆವು, ಬಕೆಟ್‌ಗಟ್ಟಲೆ ನೀರು ಸುರಿದೆವು. ಆಮೇಲೆ ಕಂಪ್ರೆಸರ್ ಒಂದೇ ಸಮ ಓಡಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರು.

ಮೀಟಿಂಗ್‌ನಲ್ಲಿ ಬಂದ ಪರಿಹಾರ ಏನು ಗೊತ್ತಾ? ಇನ್ನೂ ದೊಡ್ಡ ಟನ್ನೇಜ್‌ನ, ಅಂದರೆ ಜಾಸ್ತಿ ಕೂಲಿಂಗ್ ಕೊಡುವ ಎಸಿ. ಶಾಖ ಬರ್ತಿರೋದು ಚಾವಣಿಯಿಂದ, ಖರ್ಚು ಮಾತ್ರ ಮೆಷಿನ್‌ಗೆ! ಕಪ್ಪು ಚಾವಣಿ ಬಿಸಿಲಿನ ಶೇ. 5ರಿಂದ 20ರಷ್ಟನ್ನು ಮಾತ್ರ ವಾಪಸ್ ಕಳಿಸುತ್ತದೆ. ಒಳ್ಳೆಯ ಬಿಳಿ ಕೋಟಿಂಗ್ ಹೊಸದಾಗಿದ್ದಾಗ ಶೇ. 80ರ ತನಕ ಕಳಿಸುತ್ತದೆ. ಎಸಿ ಕಡಿಮೆ ಓಡಿದರೆ ಕರೆಂಟ್ ಬಿಲ್ ಇಳಿಯುತ್ತದೆ, ಪವರ್ ಹೋದಾಗ ಜನರೇಟರ್ ಕುಡಿಯುವ ಡೀಸೆಲ್ ಇಳಿಯುತ್ತದೆ. ದೊಡ್ಡ ಎಸಿ ಅಂದರೆ ಗ್ಯಾಸೂ ಜಾಸ್ತಿ. ಎಸಿಗೆ ತುಂಬುವ ಆರ್-410ಎ ಗ್ಯಾಸ್ ಒಂದು ಕಿಲೋ ಸೋರಿದರೆ ಸುಮಾರು 2,000 ಕಿಲೋ ಕಾರ್ಬನ್ ಡೈಆಕ್ಸೈಡ್ ಬಿಟ್ಟಂತೆ. ಬಿಳಿ ಕೋಟಿಂಗ್ ಇದ್ದರೆ ತಾರ್ ಶೀಟ್ ಕೂಡ ದಿನಾ ಕಾದು ತಣ್ಣಗಾಗಿ ಬಿರುಕು ಬಿಡುವುದು ತಪ್ಪುತ್ತದೆ, ಸೋರಿಕೆಗೂ ಅದೇ ಒಳ್ಳೆಯದು.

ಕೊನೆಗೆ ಓಟಿ ಮೇಲಿನ ಭಾಗಕ್ಕೆ ಮಾತ್ರ ಬಿಳಿ ಕೋಟಿಂಗ್ ಹಾಕಿಸಲು ಒಪ್ಪಿದರು. "ಸುಣ್ಣ ಬಳಿದರೆ ಸಾಕಲ್ವಾ?" ಅಂತ ಒಬ್ಬರು ಕೇಳಿದರು. ಸುಣ್ಣ ನಮ್ಮ ಮಳೆಗೆ ನಿಲ್ಲುವುದಿಲ್ಲ. ತಾರ್ ಮೇಲೆ ನೇರವಾಗಿ ಬಿಳಿ ಕೋಟಿಂಗ್ ಹಾಕಿದರೆ ಎಣ್ಣೆ ಮೇಲೆ ಬಂದು ಕಂದು ಕಲೆ ಏಳುತ್ತದೆ, ಅದನ್ನು ತಡೆಯುವ ಪ್ರೈಮರ್ ಮೊದಲು ಬೇಕು. ಕೊಟೇಷನ್‌ನಲ್ಲಿ ಪ್ರೈಮರ್ ಬಿಟ್ಟು ರೇಟ್ ಇಳಿಸುವವರು ಇದ್ದಾರೆ, ನೋಡಿಕೊಳ್ಳಿ. ಇನ್ನೊಂದು, ಪಾಚಿ. ಮಳೆಗಾಲ ಮುಗಿದಾಗ ಬಿಳಿ ಚಾವಣಿ ಕಪ್ಪಗಾಗಿರುತ್ತದೆ. ಬೇಸಿಗೆಗೆ ಮುಂಚೆ ಮೆತ್ತಗಿನ ಬ್ರಷ್‌ನಲ್ಲಿ ತೊಳೆಸದಿದ್ದರೆ ಹಾಕಿದ ದುಡ್ಡು ದಂಡ. ಈ ಕೆಲಸವನ್ನು ಎಎಂಸಿಯಲ್ಲೇ (ವಾರ್ಷಿಕ ಮೇಂಟೆನೆನ್ಸ್ ಕಾಂಟ್ರಾಕ್ಟ್) ಬರೆಸಿದ್ದೇನೆ.

ಈಗ ಮಧ್ಯಾಹ್ನ ಬಿಳಿ ಭಾಗ 40ರ ಆಸುಪಾಸು ಇರುತ್ತದೆ, ಪಕ್ಕದ ಕಪ್ಪು ಭಾಗ 60. ಆ ಕಪ್ಪಿನ ಕೆಳಗೆ ಜನರಲ್ ವಾರ್ಡ್ ಇದೆ. ಅಲ್ಲಿ ಎಸಿ ಇಲ್ಲ. ಸ್ಲ್ಯಾಬ್ ಹಗಲೆಲ್ಲಾ ಕುಡಿದ ಶಾಖವನ್ನು ರಾತ್ರಿ ತನಕ ಬಿಡುತ್ತದೆ, ಫ್ಯಾನ್ ಅದನ್ನೇ ಬಾಣಂತಿಯರ ಮೇಲೆ ತಳ್ಳುತ್ತದೆ. ಅಲ್ಲಿಗೂ ಕೋಟಿಂಗ್ ಬೇಕು ಅಂತ ಫೈಲ್ ಕಳಿಸಿದೆ. ಎಸಿ ಇಲ್ಲದ ಜಾಗ, ಉಳಿತಾಯ ಸೊನ್ನೆ ಅಂತ ಅಕೌಂಟ್ಸ್‌ನವರು ಬರೆದು ವಾಪಸ್ ಮಾಡಿದರು. ಈ ಸಲ ವಾರ್ಡಿನ ಟೆಂಪರೇಚರ್ ರೀಡಿಂಗ್ ಲಗತ್ತಿಸಿ, ಸಿಸ್ಟರ್ ಇನ್‌ಚಾರ್ಜ್ ಸಹಿ ಹಾಕಿಸಿ ಮತ್ತೆ ಕಳಿಸಿದ್ದೇನೆ.